ನಿಧಾನಿ ತೋಡಿದ ಗುಂಡಿ

ನಮ್ಮ ಮನೆಯ ಗೋಸುಂಬೆಗೆ ಮಗಳು ಇಟ್ಟ ಹೆಸರು ನಿಧಾನಿ. ಅದು ಒಂದು ಕಾಲೆತ್ತಿ ಮುಂದಿಡುವಷ್ಟರಲ್ಲಿ ನಾನು ಎರಡು ಪಾತ್ರೆ ತೊಳೆದು ಬೋರಲು ಹಾಕಿರುತ್ತೇನೆ. ಅಂಥದ್ದು ಒಂದು ಬೆಳಗ್ಗೆ ಕೊಂಬೆ ಬಿಟ್ಟಿಳಿದು ಪಂಜರದ ತಳದಲ್ಲಿ ಅತ್ತಿಂದಿತ್ತ ಓಡಾಡತೊಡಗಿತು. ಮಿಡತೆ ಕೊಟ್ಟರೆ ಮುಖ ತಿರುಗಿಸಿತು. ಹೊಟ್ಟೆಯ ಎರಡೂ ಪಕ್ಕ ಬಟಾಣಿ ತುಂಬಿದ ಚೀಲದಂತೆ ಉಬ್ಬಿತ್ತು.

ಪ್ರಾಣಿಗಳ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಮೊಟ್ಟೆ ತುಂಬ್ಕೊಂಡಿದೆ," ಅಂದರು.

"ಗಂಡೇ ಇಲ್ವಲ್ಲ ಡಾಕ್ಟ್ರೇ?"

"ಗಂಡಿಲ್ದೇನೂ ಇಡುತ್ತೆ. ಮರಿ ಆಗಲ್ಲ ಅಷ್ಟೆ. ಅದಕ್ಕೆ ಗುಂಡಿ ತೋಡೋಕೆ ಆಳವಾಗಿ ಒದ್ದೆ ಮರಳು ಬೇಕು. ಪಂಜರ ಮುಚ್ಚಿಡಿ. ಯಾರೋ ನೋಡ್ತಿದಾರೆ ಅನ್ನಿಸಿದ್ರೆ ಅರ್ಧಕ್ಕೇ ಬಿಟ್ಟುಬಿಡುತ್ತೆ. ಮೊಟ್ಟೆ ಒಳಗೇ ಉಳಿದ್ರೆ ಜೀವಕ್ಕೆ ಕುತ್ತು."

ಕೊನೆಯ ಮಾತನ್ನು ನಾನು ಮಗಳಿಗೆ ಹೇಳಬಾರದು ಅಂದುಕೊಂಡಿದ್ದೆ. ಆದರೆ ಅವಳು ನನ್ನ ಹೆಗಲಿಗೆ ಗಲ್ಲ ಆನಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರಳಿನ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ತಜ್ಞರಿಗೆ ಬರವಿಲ್ಲ. ನನ್ನ ಗಂಡ ಗಾರೆ ಕೆಲಸದವರು. ಸಂಜೆ ಒಂದು ಬಕೆಟ್ ಮರಳು ತಂದು, ಜರಡಿ ಹಿಡಿದು, ನೀರು ಚಿಮುಕಿಸಿ ಕಲಸಿದರು. ಮುಷ್ಟಿ ಹಿಡಿದು ಮಗಳಿಗೆ ತೋರಿಸಿದರು. "ನೋಡು, ಉಂಡೆ ನಿಲ್ಬೇಕು, ನೀರು ಸೋರ್ಬಾರ್ದು. ಆಗ ಇದ್ರೊಳಗೆ ನೀನೇ ಬೇಕಾದ್ರೂ ಬಿಲ ತೋಡ್ಕೊಂಡು ಮಲಗ್ಬಹುದು."

"ಪರೀಕ್ಷೆ ಬಂದಾಗ ಮಲಗ್ತೀನಿ," ಅಂದಳು ಇವಳು.

ಬಕೆಟನ್ನು ಪಂಜರದೊಳಗಿಟ್ಟು, ಪಂಜರಕ್ಕೆ ಹಳೆಯ ಹೊದಿಕೆ ಸುತ್ತಿದೆವು. ಬೆಳಗ್ಗೆ ಮಗಳು ಮಾತ್ರ ಒಂದು ಸಲ ನೀರು ಸಿಂಪಡಿಸಬೇಕು, ಬೇರೆ ಯಾರೂ ಅತ್ತ ಸುಳಿಯಬಾರದು ಎಂದು ಮಾತಾಯಿತು.

ಮೊದಲ ಬೆಳಗ್ಗೆ ಮರಳು ಸಮತಟ್ಟಾಗಿತ್ತು. ಎರಡನೆಯ ಬೆಳಗ್ಗೆಯೂ ಹಾಗೆಯೇ. ಆದರೆ ನಿಧಾನಿಯ ಉಗುರುಗಳಲ್ಲಿ ಮರಳಿತ್ತು, ಮೂಗಿನ ಮೇಲೂ ಅಂಟಿತ್ತು. ಇಟ್ಟು ಮುಚ್ಚಿರಬಹುದೆಂದು ನೀರು ಸಿಂಪಡಿಸುವಾಗ ಮಗಳು ಬೆರಳಾಡಿಸಿ ನೋಡಿದಳು. ಒಂದು ಮೊಟ್ಟೆಯೂ ಸಿಗಲಿಲ್ಲ. ನಾಲ್ಕನೆಯ ದಿನಕ್ಕೆ ಅದರ ಕಣ್ಣು ಗುಳಿಬಿದ್ದಿತ್ತು. ಹಗಲಲ್ಲೇ ರೆಪ್ಪೆ ಮುಚ್ಚಿ ಕೂತಿತ್ತು.

"ನಾಳೆ ಸಂಜೆವರೆಗೆ ನೋಡಿ," ಅಂದರು ಡಾಕ್ಟರಮ್ಮ ಫೋನಿನಲ್ಲಿ. "ಇಡದಿದ್ರೆ ಕರ್ಕೊಂಡು ಬನ್ನಿ. ಆಪರೇಷನ್ ಆದ್ರೆ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ."

ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು. "ಅಮ್ಮಾ, ನಾನು ಬರೋವರೆಗೆ ಇರ್ತಾಳಲ್ವಾ?"

"ಇರ್ತಾಳೆ, ಹೋಗಿ ಬಾ," ಅಂದೆ.

ಅವತ್ತು ಮಧ್ಯಾಹ್ನ ಮೂರಕ್ಕೆಲ್ಲ ಗಂಡ ಮನೆಗೆ ಬಂದರು. ಎಂದಿನಂತೆ ಸಲಕರಣೆ ಇಡಲು ಹಿಂದಿನ ಕೋಣೆಗೆ ಹೋದರು. ಪಂಜರವಿದ್ದದ್ದೂ ಅಲ್ಲೇ. ಒಣಗಿದ ಬಟ್ಟೆ ತೆಗೆದುಕೊಂಡು ನಾನು ಒಳಗೆ ಕಾಲಿಡುತ್ತೇನೆ, ಹೊದಿಕೆಯ ಅಂಚು ಮೇಲಿದೆ, ಪಂಜರದ ಬಾಗಿಲು ತೆರೆದಿದೆ, ಇವರು ಕರಣೆ ಹಿಡಿದು ಬಕೆಟ್ಟಿನ ಮರಳನ್ನು ನೀಟಾಗಿ ತಟ್ಟುತ್ತಿದ್ದಾರೆ.

"ಏನ್ರೀ ಮಾಡ್ತಿದ್ದೀರಾ?"

"ಗುಂಡಿ ಬಿದ್ದಿತ್ತು ಕಣೇ. ಮುಚ್ದೆ."

"ಬಿದ್ದಿದ್ದಲ್ಲ, ಅವಳು ತೋಡಿದ್ದು! ಎಷ್ಟು ದಿನದಿಂದ ಮುಚ್ತಿದ್ದೀರಾ?"

"ದಿನಾನೂ." ಅವರ ಕೈ ಅಲ್ಲೇ ನಿಂತಿತು. "ಇಡೋವಾಗ ಮಟ್ಟವಾಗಿರ್ಲಿ ಅಂತ..."

"ನಿಧಾನಿ ಎಲ್ಲಿರ್ತಿದ್ಲು ಆಗ?"

"ಮೂಲೇಲಿ ಕೂತು ನನ್ನನ್ನೇ ನೋಡ್ತಿದ್ಲು. ಮೆಚ್ಕೊಂಡಿದಾಳೆ ಅಂದ್ಕೊಂಡೆ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಈ ಕೈ ಕಂಡವರ ಮನೆಯ ಗೋಡೆಯ ಹಳ್ಳಕೊಳ್ಳ ಮುಚ್ಚುತ್ತಲೇ ಬಂದಿದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಗೋಡೆಯ ಬಿರುಕನ್ನೂ ಉಗುರಿನಿಂದ ಕೆರೆಯುತ್ತ ಕೂತಿದ್ದವರು ಇವರು. ಬೈದರೆ ಯಾರನ್ನು ಬೈದಂತಾಯಿತು?

ಸಂಜೆ ಮಗಳಿಗೆ ಅವರೇ ಹೇಳಿದರು. ನಾನು ಹೇಳುತ್ತೇನೆಂದರೂ ಬಿಡಲಿಲ್ಲ. ಅವಳು ಅಪ್ಪನ ಮುಖ ನೋಡದೆ, "ಅವಳು ದಿನಾ ತೋಡಿದ್ಲು. ನೀನು ದಿನಾ ಮುಚ್ದೆ," ಅಂದಳು. ಅಷ್ಟೆ. ಊಟಕ್ಕೆ ಕೂತಾಗ ಅವರ ಪಕ್ಕ ಬಿಟ್ಟು ನನ್ನ ಪಕ್ಕಕ್ಕೆ ಬಂದಳು.

ಮರುದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಮಗಳು ನೀರು ಸಿಂಪಡಿಸಿ ಹೊದಿಕೆ ಎಳೆದು ಶಾಲೆಗೆ ಹೋದಮೇಲೆ, ಹಿಂದಿನ ಕೋಣೆಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಗುಡಿಸಲು ಹೋದ ನನ್ನನ್ನೂ ಬಿಡಲಿಲ್ಲ. "ಪೊರಕೆ ಸದ್ದಿಗೂ ಹೆದರ್ತಾಳೆ. ಇವತ್ತು ಧೂಳಿದ್ರೆ ಇರ್ಲಿ ಬಿಡು."

ಹನ್ನೊಂದರ ಹೊತ್ತಿಗೆ ಒಳಗೆ ಸರಸರ ಸದ್ದು. ಅವರು ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದರು. ನಾನು ಬೇಳೆ ಬೇಯಿಸಿ, ಬಟ್ಟೆ ಮಡಚಿ, ಎರಡು ಸಲ ಚಹಾ ಕೊಟ್ಟೆ. ಒಂದೂವರೆಗೆ ಸದ್ದು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಅವರ ಕೈ ಬಾಗಿಲ ಚಿಲಕದತ್ತ ಹೋಯಿತು, ಗಾರೆಯಿಂದ ಒರಟಾದ ಆ ಕೈಯನ್ನು ನಾನು ಹಿಡಿದುಕೊಂಡೆ. ಹಾಗೆಯೇ ಕೂತೆವು. ಮೂರರ ಸುಮಾರಿಗೆ ಮತ್ತೆ ಸರಸರ, ಈ ಸಲ ನಿಧಾನವಾಗಿ, ತಡೆತಡೆದು.

ಮಗಳು ಬಂದು ಹೊದಿಕೆ ಸರಿಸಿದಳು. ನಿಧಾನಿ ಮೈತುಂಬ ಮರಳು ಮೆತ್ತಿಕೊಂಡು ಕೆಳಗಿನ ಕೊಂಬೆಯಲ್ಲಿ ನಿತ್ರಾಣವಾಗಿ ಕೂತಿತ್ತು, ಹೊಟ್ಟೆ ಖಾಲಿ ಚೀಲದಂತೆ ಜೋತಿತ್ತು. ಬಕೆಟ್ಟಿನ ಮರಳು ಒಂದು ಕಡೆ ದಿಬ್ಬವಾಗಿ ಮುಚ್ಚಿಕೊಂಡಿತ್ತು. ಚಮಚದಿಂದ ಮೆಲ್ಲಗೆ ಸರಿಸಿದರೆ ಬಿಳಿಯ, ಮೆತ್ತನೆಯ ಮೊಟ್ಟೆಗಳು. ಮೂವತ್ತನಾಲ್ಕು.

"ಇನ್ಮೇಲೆ ಮಿಡತೆ ಕಮ್ಮಿ ಕೊಡಿ, ಪಂಜರದ ದೀಪದ ಬಿಸೀನೂ ಸ್ವಲ್ಪ ಇಳಿಸಿ," ಅಂದರು ಡಾಕ್ಟರಮ್ಮ ಫೋನಿನಲ್ಲಿ. "ಮುಂದಿನ ಸಲ ಇಷ್ಟೊಂದು ಹೊರಬೇಕಾಗಲ್ಲ."

"ಮರಿ ಬರಲ್ಲ ಅಂದ್ಮೇಲೆ ಇಷ್ಟು ಕಷ್ಟ ಯಾಕಮ್ಮಾ ಪಡ್ಬೇಕು?" ಮಗಳು ನನ್ನನ್ನು ಕೇಳಿದಳು.

"ಮೈ ಯಾರನ್ನೂ ಕೇಳಿ ಮಾಡಲ್ಲ ಪುಟ್ಟಾ. ನಾವು ಜಾಗ ಬಿಡ್ಬಹುದು ಅಷ್ಟೆ," ಅಂದೆ.

ಅವಳು ಸಿಂಪಡಿಸುವ ಬಾಟಲಿ ಹಿಡಿದು ಎಲೆಗಳ ಮೇಲೆ ನೀರು ಬೀಳಿಸಿದಳು. ನಿಧಾನಿ ಒಂದೊಂದೇ ಹನಿ ನೆಕ್ಕಿತು, ನಿಲ್ಲಿಸಿತು, ಮತ್ತೆ ನೆಕ್ಕಿತು. ಕಾಲು ಗಂಟೆಯಾದರೂ ಮುಗಿಯಲಿಲ್ಲ.

"ಕೈ ನೋಯ್ತಿದೆ," ಅಂದಳು. ಬಾಗಿಲಾಚೆಯೇ ನಿಂತಿದ್ದವರ ಕಡೆ ತಿರುಗಿದಳು. "ಅಪ್ಪಾ, ಒಳಗೆ ಬಾ. ಸ್ವಲ್ಪ ಹೊತ್ತು ನೀನು ಹಿಡ್ಕೋ."