ಅತ್ತೆಯ ಸ್ತೋತ್ರ

"ಏ ಮುದಿ ಮುಂಡೆ, ಕಣ್ಣು ಮುಚ್ಕೊಂಡು ಯಾರ ಹತ್ರ ಪಿಸಿಪಿಸಿ ಅಂತಿದೀಯ? ದೇವರೇನು ಬಂದು ನಿನ್ನ ಪಾಲಿನ ಬಟ್ಟೆ ಒಗೀತಾನಾ?"

ಧೋಬಿಖಾನೆಯ ಮೇಸ್ತ್ರಿ ತೊಟ್ಟಿಯಿಂದ ಒದ್ದೆ ಹಾಸೊಂದನ್ನು ಎಳೆದು ಅತ್ತೆಯ ಮುಖಕ್ಕೆ ಬೀಸಿ ಹೊಡೆದ. ಆಸ್ಪತ್ರೆಯಿಂದ ಒಗೆಯಲು ಬಂದ ಹಾಸಿಗೆಯ ಹಾಸು. ರಕ್ತ, ಕೀವು ಇನ್ನೂ ಬಿಟ್ಟಿರಲಿಲ್ಲ. ಅತ್ತೆ ಅದನ್ನು ಮುಖದಿಂದ ತೆಗೆದಳು. ಶುರುಮಾಡಿದ್ದ ಪ್ರಾರ್ಥನೆ ಮುಗಿಸಿ, ಆಮೆನ್ ಅಂದು, ರೋಲರ್ ಮುಂದೆ ಹೋಗಿ ನಿಂತಳು.

ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಸೊಸೆಗೆ ಮೇಸ್ತ್ರಿಗಿಂತ ಅತ್ತೆಯ ಮೇಲೇ ಹೆಚ್ಚು ಸಿಟ್ಟು. "ಅವನ ಕೈಲಿ ಉಗಿಸ್ಕೊಳ್ಳೋಕೇ ಹಿಂಗ್ ಮಾಡ್ತೀಯಾ? ಇಬ್ಬರನ್ನೂ ಹೊರಗೆ ಹಾಕಿದ್ರೆ ಮಣ್ಣು ತಿನ್ನೋಣ್ವಾ?"

ಅತ್ತೆ ಇನ್ನೊಂದು ಹಾಸು ಎತ್ತಿಕೊಂಡಳು. ಆ ಧೋಬಿಖಾನೆಯಲ್ಲಿ ಮಾತು ಕೇಳಿಸುವುದೂ ಕಷ್ಟ. ಬಾಯ್ಲರಿನ ಬುಸುಬುಸು, ಸೋಡಾ ನೀರಿನ ಹಬೆ, ರೋಲರಿನ ಕಾದ ಎರಡು ಉಕ್ಕಿನ ಉರುಳೆಗಳ ಗಡಗಡ. ಒದ್ದೆ ಹಾಸನ್ನು ಅವುಗಳ ನಡುವೆ ತೂರಿಸಿದರೆ ಆ ಕಡೆಯಿಂದ ಒಣಗಿ, ಮಡಿಯಾಗಿ ಬರುತ್ತಿತ್ತು. ಕೈ ಒಳಗೆ ಹೋಗದಂತೆ ಉರುಳೆಗಳ ಮುಂದೆ ಕಬ್ಬಿಣದ ಅಡ್ಡಪಟ್ಟಿಯೊಂದಿತ್ತು. ಅದರಿಂದ ಕೆಲಸ ನಿಧಾನವಾಗುತ್ತದೆಂದು ಧೋಬಿಖಾನೆಯ ಧಣಿ ಬಿಚ್ಚಿಸಿ ಹಾಕಿದ್ದ.

ಮಧ್ಯಾಹ್ನದ ಹೊತ್ತಿಗೆ ಹಾಸಿನ ಅಂಚೊಂದು ಸುರುಳಿಯಾಯಿತು. ಬಿಡಿಸಲು ಹೋದ ಅತ್ತೆಯ ಬೆರಳು ಸಿಕ್ಕಿತು. ಬೆರಳ ಹಿಂದೆ ಅಂಗೈ, ಅಂಗೈ ಹಿಂದೆ ಮಣಿಕಟ್ಟು.

"ನಿಲ್ಸೋ! ಮೆಷಿನ್ ನಿಲ್ಸೋ!" ಸೊಸೆ ಕಿರುಚಿದಳು.

"ನಿಲ್ಸಿದ್ರೆ ಒಳಗಿರೋ ಮಾಲು ಸುಟ್ಟು ಹೋಗತ್ತೆ ಕಣೇ! ಎಳ್ಕೊಳ್ಳೇ ಕೈನ!" ಸ್ವಿಚ್ಚಿನ ಕಡೆ ಓಡಿದ ಸೊಸೆಯನ್ನು ಮೇಸ್ತ್ರಿ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಸುಟ್ಟ ಮಾಂಸದ ವಾಸನೆ ಕೋಣೆ ತುಂಬಿದ ಮೇಲೆಯೇ ಅವನು ಉರುಳೆಗಳನ್ನು ಹಿಂದಕ್ಕೆ ತಿರುಗಿಸಿದ್ದು. ಸೊಸೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅತ್ತೆಯ ತೋಳನ್ನು ಹಲ್ಲು ಕಚ್ಚಿ ಬಿಗಿದಳು.

ಆಸ್ಪತ್ರೆಯಲ್ಲಿ ಅತ್ತೆಯ ಬಲಗೈಯನ್ನು ಮಣಿಕಟ್ಟಿನಿಂದ ಕೆಳಗೆ ಕತ್ತರಿಸಿ ಹಾಕಿದರು.

ಸೊಸೆಗೆ ಅನ್ನ ಇಳಿಯಲಿಲ್ಲ. ಗಂಡ ಜ್ವರದಲ್ಲಿ ಹೋದ ಮೇಲೆ ಅವಳಿಗೆ ಇದ್ದವಳು ಅತ್ತೆಯೊಬ್ಬಳೇ. ಬಾಡಿಗೆಯ ಒಂದೇ ಕೋಣೆ, ಒಂದೇ ಹಾಸಿಗೆ, ಒಂದೇ ಒಲೆ. ಬಾಗಿಲು ಸದ್ದಾದರೆ ಎದ್ದು ಹೋಗಿ ಚಿಲಕ ನೋಡುತ್ತಿದ್ದಳು.

ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಒಂದು ಸಂಜೆ ಧಣಿಯ ಜೊತೆ ಪಾದ್ರಿ ಬಂದ. ಚರ್ಚಿನ ಹೊಸ ಬೆಂಚುಗಳೆಲ್ಲ ಧಣಿ ಮಾಡಿಸಿಕೊಟ್ಟವು. ಧಣಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತ.

"ತಾಳ್ಮೆ ಇರ್ಲಿ ಮಗಳೇ," ಪಾದ್ರಿ ಸೊಸೆಗೆ ಹೇಳಿದ. "ಬಂದದ್ದಕ್ಕೆಲ್ಲ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳ್ಬೇಕು. ಪೊಲೀಸು ಗಿಲೀಸು ಅಂತ ಅಲೀಬೇಡ. ಅಜ್ಜಿ ತೂಕಡಿಸಿ ಕೈ ಹಾಕಿದ್ಲು ಅಂದ್ಬಿಡು."

ಮಲಗಿದ್ದ ಅತ್ತೆ ಕಣ್ಣು ಬಿಟ್ಟಳು. "ಪಾದ್ರಿಗಳೇ, ನಾನು ಸ್ತೋತ್ರ ಹೇಳೋದು ಮೇಲಿರೋನಿಗೆ. ನಿಮ್ಮ ಹಿಂದೆ ಮೂಗು ಮುಚ್ಕೊಂಡು ನಿಂತಿದಾನಲ್ಲ, ಅವನಿಗಲ್ಲ. ಆಚೆ ನಡೀರಿ."

ಅವರು ಹೋದ ಮೇಲೆ ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. "ಈಗ್ಲೂ ಸ್ತೋತ್ರ! ಯಾವುದಕ್ಕೆ? ಕೈ ಹೋಯ್ತಲ್ಲ ಅದಕ್ಕಾ?"

"ಕೈ ಹೋಗಿದ್ದಕ್ಕೆ ಯಾವ ಬೋಳಿಮಗ ಸ್ತೋತ್ರ ಹೇಳ್ತಾನೆ?" ಅತ್ತೆಗೆ ನಗು ಬಂತು, ನೋವಿಗೆ ಅರ್ಧಕ್ಕೇ ನಿಂತಿತು. "ನೀನು ಬಟ್ಟೆ ಕಟ್ಟಿದೆ, ರಕ್ತ ನಿಂತೋಯ್ತು. ಅದಕ್ಕೆ ಹೇಳ್ದೆ. ನನ್ನ ಮಗ ಸತ್ತಾಗ ನಾನೂ ದೇವರನ್ನ ಬಾಯಿಗೆ ಬಂದಂಗೆ ಬೈದೆ. ಬೈತಾ ಬೈತಾ ಕೂತೇ ಇದ್ದೆ. ಎದ್ದು ಮಾತ್ರ ಹೋಗ್ಲಿಲ್ಲ. ಆಮೇಲೆ ಒಂದಿನ ನೀನು ಗಂಜಿ ತಂದು ಮುಂದೆ ಇಟ್ಟೆ. ಇವಳನ್ನ ಉಳಿಸಿದೀಯಲ್ಲಪ್ಪ ಅಂದೆ. ಎದೆ ಮೇಲಿನ ಚಪ್ಪಡಿ ಎತ್ತಿ ಇಟ್ಟಂಗಾಯ್ತು."

"ನಂಗೆ ಹೆದರಿಕೆ ಆಗತ್ತೆ ಅತ್ತೆ."

"ಅದನ್ನೇ ಹೇಳು ಮೇಲಿರೋನಿಗೆ. ಅವಸರ ಮಾಡ್ಬೇಡ. ಹೆದರಿಕೆ ಹೋದ್ಮೇಲೆ ನೋಡು, ಎದುರಿಗಿರೋರು ಎಷ್ಟು ಸಣ್ಣೋರು ಅಂತ."

ಸೊಸೆ ಮಂಚದ ಕಬ್ಬಿಣಕ್ಕೆ ಹಣೆ ಹಚ್ಚಿ ಪ್ರಾರ್ಥನೆಗೆ ಕುಳಿತಳು. ಬಂದದ್ದು ಬೈಗುಳವೇ. ಮರುದಿನವೂ ಅದೇ. ಅಳುವುದು, ಬಾಡಿಗೆ ನೆನೆಯುವುದು, ಮತ್ತೆ ಬೈಯುವುದು. ಆದರೂ ದಿನವೂ ಕುಳಿತಳು. ಹೀಗೇ ಕೂತ ಒಂದು ಬೆಳಿಗ್ಗೆ ಅತ್ತೆ ಎಡಗೈಯಲ್ಲಿ ಚಮಚ ಹಿಡಿದು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು, ಗಂಜಿ ಕುಡಿಯುತ್ತಿದ್ದಳು. ಸೊಸೆಯ ಬಾಯಿಂದ ತಾನಾಗಿಯೇ ಮಾತು ಬಂತು: "ಸ್ತೋತ್ರ ಸ್ವಾಮಿ. ಇವಳು ಉಣ್ತಿದಾಳೆ." ಅತ್ತೆ ಮಿಗಿಸಿದ ಗಂಜಿಯನ್ನು ತಾನೇ ತಳ ಕೆರೆದು ಕುಡಿದಳು.

ಕೆಲಸಕ್ಕೆ ಬಾ, ಇಲ್ಲವೆಂದರೆ ಜಾಗ ಇಲ್ಲ ಎಂದು ಮೇಸ್ತ್ರಿ ಹೇಳಿಕಳುಹಿಸಿದ. ಸೊಸೆ ಹೋದಳು.

ಉರುಳೆಗಳನ್ನು ತೊಳೆದಿದ್ದರು. ಅಡ್ಡಪಟ್ಟಿ ಬಂದಿರಲಿಲ್ಲ. ಅತ್ತೆಯ ಜಾಗದಲ್ಲಿ ಹೊಸಬಳೊಬ್ಬಳು, ಆರು ತಿಂಗಳ ಬಸುರಿ, ಬೆರಳ ತುದಿಯಲ್ಲಿ ಹಾಸು ತೂರಿಸುತ್ತಿದ್ದಳು. ಸೊಸೆ ಅಲ್ಲೇ ನಿಂತು ಕಣ್ಣು ಮುಚ್ಚಿದಳು.

"ನಿಂಗೂ ಮುದುಕಿ ದೆವ್ವ ಮೆಟ್ಕೊಂಡಿದೆಯೇನೇ?" ಮೇಸ್ತ್ರಿಯ ಏಟಿಗೆ ಅವಳ ತುಟಿ ಸೀಳಿತು.

ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಕುಳ್ಳ. ಮೀಸೆಯ ಮೇಲೆ ಬೆವರು. ಇಷ್ಟು ದಿನ ಇದನ್ನು ಹೇಗೆ ಗಮನಿಸಲಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಅವನ ಪಕ್ಕದಿಂದ ನಡೆದು, ಗೋಡೆಯ ದೊಡ್ಡ ಸ್ವಿಚ್ಚನ್ನು ಎರಡು ಕೈಯಲ್ಲೂ ಹಿಡಿದು ಕೆಳಗೆ ಜಗ್ಗಿದಳು. ಉರುಳೆಗಳು ನರಳುತ್ತ ನಿಂತವು.

"ಅಡ್ಡಪಟ್ಟಿ ಹಾಕೋ ತನಕ ಇದು ತಿರುಗಲ್ಲ."

"ಬಿಡೇ, ಹಾದರಗಿತ್ತಿ!" ಮೇಸ್ತ್ರಿ ಬಟ್ಟೆ ತಿರುವುವ ದೊಣ್ಣೆ ಎತ್ತಿಕೊಂಡ. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಮುಂಗೈ ಲಟಕ್ಕೆಂದಿತು. ಆ ಕೈ ಜಾರಿತು. ಇನ್ನೊಂದು ತೋಳನ್ನು ಅವಳು ಹಿಡಿಕೆಗೆ ಕೊಂಡಿಯಂತೆ ಸಿಕ್ಕಿಸಿಕೊಂಡಳು. ನೋವು ಕಣ್ಣು ಕತ್ತಲಿಡುವಷ್ಟಿತ್ತು. ಹೆದರಿಕೆಗಾಗಿ ಒಳಗೆಲ್ಲ ತಡಕಾಡಿದಳು, ಸಿಗಲಿಲ್ಲ.

"ಸ್ತೋತ್ರ ಸ್ವಾಮಿ," ಬಸುರಿಯ ಕಡೆ ನೋಡುತ್ತ ರಕ್ತದ ಬಾಯಲ್ಲಿ ಅಂದಳು. "ಇವಳ ಕೈ ಇನ್ನೂ ಇದೆ."

ಬಸುರಿ ತನ್ನ ಕೈಗಳನ್ನು ಹಾಸಿನಿಂದ ಬಿಡಿಸಿ ಹಿಂದಕ್ಕೆ ಸರಿದಳು. ತೊಟ್ಟಿಗಳ ಬಳಿಯ ಹೆಂಗಸರು ತಲೆ ಎತ್ತಿದರು. ಯಾರೂ ಮುಂದೆ ಬರಲಿಲ್ಲ. ಯಾರೂ ಮತ್ತೆ ತೊಟ್ಟಿಗೆ ಕೈ ಹಾಕಲೂ ಇಲ್ಲ. ಅವರ ಮೊಣಕೈಗಳಿಂದ ಸೋಡಾ ನೀರು ನೆಲಕ್ಕೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಮೇಸ್ತ್ರಿ ಒಮ್ಮೆ ಅವರ ಕಡೆ ನೋಡಿದ. ಆಮೇಲೆ ದೊಣ್ಣೆಯನ್ನು ಇನ್ನೂ ಮೇಲಕ್ಕೆ ಎತ್ತಿದ.