ಎರಡು ಹಲಗೆ, ಒಂದು ಮೈಕ್ ಸೆಟ್

ಅರವತ್ತೈದನೇ ಇಸವಿ. ಮೈಕ್ ಸೆಟ್ ಒಂದೇ, ಅಂಗಡಿ ಎರಡು. ತೇನಿಯ ದೊಡ್ಡಂಗಡಿಯಲ್ಲಿ ಕಾಳಿಮುತ್ತು, ದಿಂಡಿಗಲ್ಲಿನ ಶಾಖೆಯಲ್ಲಿ ಅವರ ತಂಗಿಯ ಮಗ ಸೇಕರ್. ಎರಡೂ ಕಡೆ ಒಂದೇ ಥರದ ಹಲಗೆ, ದಿನಕ್ಕೊಂದು ಮೊಳೆ. ಸೆಟ್ ಬಾಡಿಗೆಗೆ ಗೊತ್ತಾದ ದಿನದ ಮೊಳೆಗೆ ತಗಡಿನ ಬಿಲ್ಲೆ. ಹಾಕುವುದು, ತೆಗೆಯುವುದು ಮಾವನ ಮಾತು. ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಬಸ್ಸೇ ಬಂದು ನಿಲ್ಲುತ್ತಿತ್ತು, ಹಾಗಾಗಿ ಅವರು ಕಂಡಕ್ಟರ್ ಕೈಲಿ ಚೀಟಿ ಕಳಿಸುತ್ತಿದ್ದರು. ಅದರಂತೆ ಸೇಕರ್ ತನ್ನ ಹಲಗೆ ಸರಿಮಾಡಿಕೊಳ್ಳಬೇಕು. ಈ ಏರ್ಪಾಟು ಅವನದೇ ತಲೆ. ಕೆಟ್ಟರೆ ಶಾಖೆಗೆ ಬೀಗ ಎಂದು ಮಾವ ಮೊದಲೇ ಹೇಳಿದ್ದರು.

ಕೆಟ್ಟಿತು. ಒಂದು ಬೆಳಗ್ಗೆ ತೇನಿಯಲ್ಲಿ ಮುಂದಿನ ಶುಕ್ರವಾರದ ಗಿರಾಕಿ ಬೇಡವೆಂದ. ‘ತೆಗೆ’ ಎಂಬ ಚೀಟಿ ಬಸ್ ಹತ್ತಿತು. ಸ್ವಲ್ಪ ಹೊತ್ತಿಗೇ ಪೆರಿಯಕುಳದವರು ಅದೇ ದಿನ ಹಿಡಿದರು. ‘ಹಾಕು’ ಎಂಬ ಚೀಟಿ ಆಮೇಲೆ ಹೊರಟ ಬಸ್ಸಿಗೆ. ಮೊದಲ ಬಸ್ಸು ವತ್ತಲಕುಂಡಿನಲ್ಲಿ ಪಂಕ್ಚರ್ ಆಗಿ ನಿಂತಿತು, ಎರಡನೆಯದು ಅದನ್ನು ದಾಟಿಕೊಂಡು ಮೊದಲು ಬಂತು. ‘ಹಾಕು’ ಬಂದಾಗ ಮೊಳೆಯಲ್ಲಿ ಹಳೆಯ ಬಿಲ್ಲೆ ಇದ್ದೇ ಇತ್ತು, ಸೇಕರ್ ಸುಮ್ಮನಾದ. ಆಮೇಲೆ ‘ತೆಗೆ’ ಬಂತು, ತೆಗೆದ. ಸಂಜೆ ದಿಂಡಿಗಲ್ಲಿನ ಪೊನ್ನುತಾಯಿ ಬಂದು, ಅದೇ ಶುಕ್ರವಾರ ಮಗಳಿಗೆ ಕಿವಿ ಚುಚ್ಚಿಸುವುದಕ್ಕೆ ಸೆಟ್ ಕೇಳಿದಳು. ಸೇಕರ್ ಖಾಲಿ ಮೊಳೆ ನೋಡಿ ಮಾತು ಕೊಟ್ಟುಬಿಟ್ಟ, ತೇನಿಗೂ ಬರೆದು ಕಳಿಸಿದ. ಮರುದಿನ ಮಾವನಿಂದ ಉತ್ತರ: ಅದು ಪೆರಿಯಕುಳದವರದು.

ಅವಳ ಮನೆಗೆ ಹೋಗಿ ಹೇಳಲೇಬೇಕಾಯಿತು.

“ಶುಕ್ರವಾರ ಸೆಟ್ ಇಲ್ಲ ಅಕ್ಕಾ. ತಪ್ಪು ನಂದೇ.”

“ಊರಿಗೆಲ್ಲ ಹೇಳಾಯ್ತಲ್ಲ ತಂಬಿ. ನೀನೇ ಬಂದು ಹಾಡ್ತೀಯಾ?” ಎಂದಳು. ಬೈದು ಮುಗಿಸಿ, ದಿನವನ್ನು ಸೋಮವಾರಕ್ಕೆ ತಳ್ಳಿದಳು.

ಸೇಕರ್ ತೇನಿಗೆ ಹೋಗಿ, ಚೀಟಿಗಳ ಮೇಲೆ ಒಂದು, ಎರಡು ಎಂದು ನಂಬರ್ ಹಾಕಿ ಕಳಿಸಿ ಎಂದು ಮಾವನನ್ನು ಕೇಳಿಕೊಂಡ.

“ಇದೊಂದು ಸಲ ನೋಡ್ತೀನಿ. ಮತ್ತೆ ಕೆಟ್ರೆ ಇಲ್ಲಿ ಬಂದು ಸ್ಪೀಕರ್ ಹೊತ್ಕೊಂಡು ಮರ ಹತ್ತು.”

ಎರಡು ದಿನ ಬಿಟ್ಟು ಪೊನ್ನುತಾಯಿ ಸೋಮವಾರಕ್ಕೆ ಸೆಟ್ ಕೇಳಲು ಅಂಗಡಿಗೆ ಬಂದು ಕೂತಳು. ಆಗಲೇ ಕಂಡಕ್ಟರ್ ಚೀಟಿ ಕೊಟ್ಟು ಹೋದ. ನಾಲ್ಕನೇದು. ಮೂರನೇದು ಇನ್ನೂ ಬಂದಿರಲಿಲ್ಲ. ಸೇಕರ್ ಅದನ್ನು ಜೇಬಿಗೆ ಹಾಕಿ ಹಲಗೆ ಮುಟ್ಟದೆ ನಿಂತ.

“ಸೋಮವಾರದ ಮೊಳೆ ಬರೀದಾಗೇ ಐತಲ್ಲ?”

“ಐತೆ ಅಕ್ಕಾ. ಮೂರನೇದು ಬರ್ಲಿ.”

“ಕಣ್ಣೆದುರಿಗೇ ಐತೆ, ಹೇಳೋಕೇನು ನೋವು?”

“ಹೋದ್ಸಲವೂ ಕಣ್ಣೆದುರಿಗೇ ಇತ್ತು.”

ಮುಂದಿನ ಬಸ್ಸಿಗೆ ಮೂರನೇದು ಬಂತು: ಸೋಮವಾರ ಹಾಕು. ಹಾಕಿದ. ಜೇಬಿನಿಂದ ನಾಲ್ಕನೇದು ತೆಗೆದ: ಸೋಮವಾರ ತೆಗೆ. ತೆಗೆದ.

“ಹಾಕಿ ತೆಗೆಯೋಕಾ ಇಷ್ಟೊತ್ತು ಕೂರ್ಸಿದ್ದು?”

“ಹೂಂ. ಈಗ ನಿಮ್ಮ ಹೆಸರು ತೇನಿಗೆ ಕಳಿಸ್ತೀನಿ. ಮಾವ ಹೂಂ ಅಂದ್ಮೇಲೇ ನಿಮ್ದು.”

ಪೊನ್ನುತಾಯಿ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಮಡಚಿ ಕೂತಳು.

“ಸೆರಿ, ಕಾಪಿ ತರ್ಸು.”