ಎರಡನೆಯ ಗುಂಡಿ

ಆ ಕೋಟನ್ನು ಹೊಲಿದವಳು ನಾನೇ. ಬೂದು ಬಣ್ಣದ ಉಣ್ಣೆಬಟ್ಟೆ, ಉದ್ದ ತೋಳು. ಹದಿನಾಲ್ಕು ಪುಸ್ತಕಗಳಲ್ಲಿ ಪತ್ತೇದಾರ ಆ ಕೋಟನ್ನು ಒಮ್ಮೆಯೂ ಬದಲಿಸಿದವನಲ್ಲ. ಆ ಹಳೆಯ ಪುಸ್ತಕಗಳೆಲ್ಲ ಈಗ ಟಿವಿ ಧಾರಾವಾಹಿಯಾಗುತ್ತಿದ್ದವು. ಉಡುಪಿನ ಜವಾಬ್ದಾರಿ ನನ್ನ ಸೊಸೆಯದು, ಹೊಲಿಗೆಗೆ ನಾನೂ ದಿನಾ ಜೊತೆಗೆ ಹೋಗುತ್ತಿದ್ದೆ. ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಇಸ್ತ್ರಿ ಉಜ್ಜಿದ ಮೇಲೆ ಅವಳ ಕೈಗೆ ಬಂದ ಮೊದಲ ಸ್ವಂತ ಕೆಲಸ.

ಚಿತ್ರೀಕರಣದ ಹನ್ನೊಂದನೆಯ ದಿನ ಮಧ್ಯಾಹ್ನ, ಕ್ಯಾಮೆರಾ ಪಕ್ಕದ ಪುಟ್ಟ ಪರದೆಯಲ್ಲಿ ಪತ್ತೇದಾರನ ಎದೆ ದೊಡ್ಡದಾಗಿ ಕಂಡಿತು. ಕೋಟಿನಲ್ಲಿ ನಾಲ್ಕು ಗುಂಡಿಗಳಿದ್ದವು.

ಇರಬೇಕಾದದ್ದು ಮೂರೇ. ಎರಡನೆಯದರ ಜಾಗದಲ್ಲಿ ಬರೀ ದಾರದ ತುದಿ. ಯಾಕೆಂದು ಆರು ಪುಸ್ತಕ ಮುಗಿದರೂ ಹೇಳುವುದಿಲ್ಲ. ಪತ್ತೇದಾರನ ತಮ್ಮ ಹೊಳೆಯಲ್ಲಿ ಮುಳುಗುವಾಗ ಹಿಡಿದುಕೊಂಡದ್ದು ಆ ಗುಂಡಿಯನ್ನೇ ಎಂದು ಏಳನೆಯದರಲ್ಲಿ ತಿಳಿಯುತ್ತದೆ. ಗುಂಡಿ ಕಿತ್ತುಬಂತು, ತಮ್ಮ ಹೋದ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹೊಸದರಲ್ಲಿ ನಾನು ಆ ಪುಟವನ್ನು ಬೆರಳಿಟ್ಟು ಓದಿದ್ದೆ. ಬೆರಳು ಆ ಸಾಲಿನಲ್ಲೇ ನಿಂತುಬಿಟ್ಟಿತ್ತು.

ನಾನು ಹೇಳಿದ್ದಕ್ಕೇ ಸೊಸೆ ಚೀಟಿ ಬರೆದು ಕೋಟಿಗೆ ಚುಚ್ಚಿದ್ದಳು: ಮೂರು ಗುಂಡಿ ಮಾತ್ರ. ಹೊಲಿಯುವಾಗ ಮೂರೇ ಹಾಕಿದ್ದೆ. ಕೊನೆಗೆ ಚೀಟಿ ತೆಗೆದು ಚೀಲಕ್ಕೆ ಹಾಕಿ ಕೋಟು ಮಡಿಸುವಾಗ ತಲೆ ಎಲ್ಲೋ ಇತ್ತು, ಕೈ ತಾನಾಗಿ ಗುಂಡಿ ಡಬ್ಬಿಗೆ ಹೋಗಿರಬೇಕು. ನಲವತ್ತು ವರ್ಷದಲ್ಲಿ ಗುಂಡಿಯಿಲ್ಲದ ಬಟ್ಟೆಯನ್ನು ಗಿರಾಕಿಗೆ ಕೊಟ್ಟ ಕೈಯಲ್ಲ ಇದು.

ಸೊಸೆಯನ್ನು ಬಟ್ಟೆ ಸಾಲಿನ ಹಿಂದಕ್ಕೆ ಎಳೆದೊಯ್ದು ಹೇಳಿದೆ.

"ಅಯ್ಯೋ ಅತ್ತೆ! ದಿನಾ ನಾನೇ ತೊಡಿಸ್ತೀನಿ, ನನ್ನ ಕಣ್ಣಿಗೇನಾಗಿತ್ತು?" ಹಣೆ ಚಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ಸುಮ್ನಿರಿ. ಡೈರೆಕ್ಟರ್ ಮೂರನೇ ಪುಸ್ತಕ ದಾಟಿ ಓದಿಲ್ಲ. ಯಾರಿಗೂ ಗೊತ್ತಾಗಲ್ಲ."

"ಓದಿದವರಿಗೆ ಗೊತ್ತಾಗತ್ತೆ ಕಣೇ. ಏಳನೇದು ತೆಗೆಯೋವಾಗ ಇವರಿಗೂ ಗೊತ್ತಾಗತ್ತೆ. ಆಗ ಯಾರನ್ನ ಹಿಡೀತಾರೆ?"

"ಈಗ ಹೇಳಿದ್ರೆ ಇವತ್ತೇ ಮನೆಗೆ ಕಳಿಸ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಬಾಯಿಗೆ ಹೊಲಿಗೆ ಹಾಕ್ಕೊಳ್ಳಿ."

ಹಾಕಿಕೊಂಡೆ. ಕೂತೆ, ಎದ್ದೆ. ಸೂಜಿಗೆ ದಾರ ಪೋಣಿಸಿದೆ, ಎಳೆದು ತೆಗೆದೆ, ಮತ್ತೆ ಪೋಣಿಸಿದೆ. ಚಹಾ ಆರಿ ಕೆನೆಗಟ್ಟಿತು. ಒಳಗೆ "ಕಟ್" ಎಂದಾಗಲೆಲ್ಲ ಆ ಗುಂಡಿ ಇನ್ನೊಂದು ದೃಶ್ಯಕ್ಕೆ ಅಂಟಿಕೊಂಡಿತು ಎನಿಸುತ್ತಿತ್ತು. ಐದನೆಯ ಸಲ ಕೇಳಿದ ಮೇಲೆ ಕೂರಲಾಗಲಿಲ್ಲ. ಆ ಚೀಟಿಯನ್ನು ಚೀಲದಿಂದ ಹುಡುಕಿ ತೆಗೆದು ನೇರ ನಿರ್ದೇಶಕನ ಮುಂದೆ ಹೋಗಿ ನಿಂತೆ.

"ಏನಜ್ಜೀ, ಕನ್ನಡಕ ಕಳ್ಕೊಂಡ್ರಾ?"

"ಇಲ್ಲಪ್ಪ, ಹಾಕ್ಕೊಂಡು ನೋಡಿದ್ದೇ ತಪ್ಪಾಯ್ತು."

ಚೀಟಿ ಕೊಟ್ಟು ಎಲ್ಲ ಹೇಳಿದೆ. ಅವನು ಏಳನೆಯ ಪುಸ್ತಕ ತರಿಸಿ, ನಾನು ತೋರಿಸಿದ ಪುಟವನ್ನು ನಿಂತೇ ಓದಿದ. ಪುಸ್ತಕವನ್ನು ಟಪ್ಪೆಂದು ಮುಚ್ಚಿದ.

"ಹನ್ನೊಂದು ದಿನ ಅಜ್ಜಿ! ಹನ್ನೊಂದು ದಿನ!"

"ಅವಳು ಸರಿಯಾಗೇ ಬರೆದಿದ್ದಾಳೆ. ಹೊಲಿದ ಕೈ ನಂದು."

ಅವನು ಚೀಟಿಯನ್ನು ನೋಡಿದ, ಅಷ್ಟರಲ್ಲಿ ಓಡಿ ಬಂದಿದ್ದ ಸೊಸೆಯನ್ನು ನೋಡಿದ. "ದೂರದಿಂದ ತೆಗೆದದ್ದರಲ್ಲಿ ಗುಂಡಿ ಕಾಣಲ್ಲ. ಹತ್ತಿರದ್ದೆಲ್ಲ ನಾಳೆಯಿಂದ ಮತ್ತೆ ತೆಗೆಯೋಣ. ನೀವಿರಿ," ಎಂದ ಅವಳಿಗೆ. ನನ್ನ ಕಡೆ ತಿರುಗಿ, "ನೀವು ನಾಳೆಯಿಂದ ಬರೋದು ಬೇಡ," ಎಂದ.

ಗುಂಡಿ ಬಿಚ್ಚಲು ಕತ್ತರಿ ಎತ್ತಿಕೊಂಡೆ. ಸೊಸೆ ಕಿತ್ತುಕೊಂಡಳು. ದಾರ ಸುಲಭಕ್ಕೆ ತುಂಡಾಗಲಿಲ್ಲ.

"ಇಷ್ಟು ಗಟ್ಟಿಯಾಗಿ ಯಾರಾದ್ರೂ ಹಾಕ್ತಾರಾ?" ನನ್ನ ಮುಖ ನೋಡದೆ ಗೊಣಗಿದಳು. ಗುಂಡಿ ಕಳಚಿ ಬಂತು. ದಾರದ ತುದಿಯನ್ನು ಪುಸ್ತಕದಲ್ಲಿದ್ದಂತೆಯೇ ಇಳಿಬಿಟ್ಟಳು. "ಗುಂಡಿ ಡಬ್ಬಿ ಇಲ್ಲೇ ಬಿಟ್ಟು ಹೋಗಿ ಅತ್ತೆ. ಸಾಯಂಕಾಲ ನಾನೇ ತರ್ತೀನಿ."

ಬಿಟ್ಟು ಬಂದೆ. ಬಸ್ಸಿನಲ್ಲಿ ಎದುರಿಗೆ ಕೂತವನ ಅಂಗಿಗೆ ಮೇಲಿನಿಂದ ಮೂರನೆಯ ಗುಂಡಿ ಇರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ.